ಗುಪ್ತಾಂಗದ ಗುಳ್ಳೆ: ಸಹಜವೋ ಸೋಂಕೋ, ಗುರುತಿಸುವುದು ಹೇಗೆ

ಗುಪ್ತಾಂಗದ ಚರ್ಮದಲ್ಲಿ ಏಳುವ ಗುಳ್ಳೆಗಳು ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತವೆ. ಫೋಟೋ ಹೋಲಿಸಿ ನೋಡುವವರು ಎಡವುವುದು ಇಲ್ಲೇ. ಪತ್ತೆಗೆ ಬೇಕಾದ್ದು ನಾಲ್ಕು ವಿಷಯ: ಗುಳ್ಳೆ ಎಲ್ಲಿ ಎದ್ದಿದೆ, ಒಂಟಿಯೋ ಸಾಲೋ ಗುಂಪೋ, ಎಷ್ಟು ದಿನದಿಂದಿದೆ, ಬಂದಮೇಲೆ ರೂಪ ಬದಲಿಸಿತೇ. ನೋವಿದ್ದರೆ ಅಪಾಯ, ಇಲ್ಲದಿದ್ದರೆ ಪರವಾಗಿಲ್ಲ ಎಂಬ ಮನೆಲೆಕ್ಕ ಈ ಜಾಗದಲ್ಲಿ ನಡೆಯುವುದಿಲ್ಲ. ಕೂರಲೂ ಆಗದಷ್ಟು ನೋಯುವ ಕೂದಲಬುಡದ ಕುರು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ಲೈಂಗಿಕ ಸಂಪರ್ಕದಿಂದ ಅಂಟುವ ಸಿಫಿಲಿಸ್ ರೋಗದ ಒಂಚೂರೂ ನೋಯದ ಹುಣ್ಣು ತಾನಾಗಿ ಮಾಯವಾಗಿ, ರೋಗವನ್ನು ಮೈಯೊಳಗೆ ಉಳಿಸಿಹೋಗುತ್ತದೆ.

ನೋಡುವ ಮೊದಲು

ಹಚ್ಚುತ್ತಿರುವ ಕ್ರೀಮು, ಪುಡಿ, ಎಣ್ಣೆ ಎಲ್ಲವನ್ನೂ ನಿಲ್ಲಿಸಿ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಕೈಗೆ ಬರುವ ‘ತುರಿಕೆ ಟ್ಯೂಬ್’ಗಳಲ್ಲಿ ಅನೇಕವು ಕ್ಲೋಬೆಟಸಾಲ್‌ನಂಥ ಕಟು ಸ್ಟೀರಾಯ್ಡ್, ಫಂಗಸ್ ಮದ್ದು, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದವು. ಹಚ್ಚಿದ ಮೂರು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ಕಡಿಮೆಯಾಗುತ್ತದೆ, ಕಾಯಿಲೆ ಮಾತ್ರ ವೇಷ ಮರೆಸಿಕೊಂಡು ಹಬ್ಬುತ್ತದೆ. ಆಮೇಲೆ ಚರ್ಮವೈದ್ಯರಿಗೂ ಗುರುತು ಹಿಡಿಯುವುದು ಕಷ್ಟ. ಶೇವಿಂಗ್ ಕೂಡ ನಿಲ್ಲಲಿ.

ಬರೀ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿದರೆ ಉಬ್ಬು, ಕುಳಿ, ಬುಡ ಸ್ಪಷ್ಟವಾಗುತ್ತವೆ. ಹೆಂಗಸರಿಗೆ ಕೈಗನ್ನಡಿ ಬೇಕು. ಒಳತುಟಿಗಳನ್ನು ಬಿಡಿಸಿ ಎರಡೂ ಬದಿ ಹೋಲಿಸಿ ನೋಡಬೇಕು. ಗಂಡಸರು ಮುಂದೊಗಲು ಸಲೀಸಾಗಿ ಸರಿಯುವಷ್ಟು ಮಾತ್ರ ಹಿಂದಕ್ಕೆ ಸರಿಸಿ ನೋಡಿ, ನೋಡಿದ ಮೇಲೆ ಮರೆಯದೆ ಮುಂದಕ್ಕೆ ತರಬೇಕು. ಅದು ಹಿಂದೆಯೇ ಸಿಕ್ಕಿ ಊದಿಕೊಂಡರೆ ಅದೇ ಬೇರೆ ತುರ್ತುಸ್ಥಿತಿ. ವೃಷಣಚೀಲವನ್ನು ಬಿಸಿನೀರ ಸ್ನಾನದ ನಂತರ, ಚರ್ಮ ಸಡಿಲವಾಗಿದ್ದಾಗ ನೋಡುವುದು ಒಳ್ಳೆಯದು. ಎರಡು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿಯಿರಿ. ಕೆಲವು ಗುಳ್ಳೆ ಆಗ ಎದ್ದು ಕಾಣುತ್ತವೆ, ಕೆಲವು ಚಪ್ಪಟೆಯಾಗುತ್ತವೆ. ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ, ವಾರದ ನಂತರ ಅದೇ ಕೋನದಲ್ಲಿ ಇನ್ನೊಂದು. ಫೋನಿನ ಚಿತ್ರಗಳು ತಾವಾಗಿ ಕ್ಲೌಡ್‌ಗೆ ಹೋಗುವ ಸೆಟ್ಟಿಂಗ್ ಮೊದಲು ಆರಿಸಿ.

ಬಹಳ ಮಂದಿ ಬಿಟ್ಟುಬಿಡುವ ಹಂತ ಮುಂದಿನದು. ಬಾಯಿಯ ಒಳಭಾಗ, ಅಂಗೈ, ಅಂಗಾಲು, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳು, ಕಂಕುಳು ನೋಡಿ. ತೊಡೆಸಂದಿಯಲ್ಲಿ ಗಂಟಿದೆಯೇ ಮುಟ್ಟಿ ನೋಡಿ. ಕೆಳಗಿನ ಗುಳ್ಳೆಯ ಹೆಸರು ಎಷ್ಟೋ ಸಲ ಮೇಲೆಲ್ಲೋ ಬರೆದಿರುತ್ತದೆ.

ಪತ್ತೆ ಬದಿಗಿಟ್ಟು ಓಡಬೇಕಾದ ಸಂದರ್ಭ

ಗಂಟೆಗಂಟೆಗೂ ಹರಡುವ ಊತ, ತಡೆಯಲಾಗದ ನೋವು, ಚರ್ಮ ಕಪ್ಪಾಗುವುದು, ದುರ್ವಾಸನೆ, ಜ್ವರ. ಮಧುಮೇಹವಿರುವವರಲ್ಲಿ ಇದು ಮಾಂಸವನ್ನೇ ಕೊಳೆಸುವ ಫೋರ್ನಿಯರ್ ಗ್ಯಾಂಗ್ರೀನ್ ಆಗಿರಬಹುದು. ಅದೇ ದಿನ ಶಸ್ತ್ರಚಿಕಿತ್ಸೆ ಬೇಕು. ನೀರುಗುಳ್ಳೆಗಳ ಜೊತೆ ಮೂತ್ರ ಕಟ್ಟಿದರೆ, ಬಸುರಿಗೆ ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ನೀರುಗುಳ್ಳೆ ಎದ್ದರೆ ಕಾಯಬಾರದು. ಇಂಥ ನೀರುಗುಳ್ಳೆ ಏಳಿಸುವ ಹರ್ಪಿಸ್ ವೈರಸ್ ಹೆರಿಗೆಯ ಹೊತ್ತಿಗೆ ಮಗುವಿಗೆ ದಾಟಿದರೆ ಪ್ರಾಣಕ್ಕೇ ಕುತ್ತು.

ಕಾಯಿಲೆಯೇ ಅಲ್ಲದವು

ಹೆದರಿ ಬರುವವರಲ್ಲಿ ದೊಡ್ಡ ಪಾಲಿನವರಿಗೆ ಇರುವುದು ಇಂಥವೇ. ಒಂದೇ ಅಳತೆ, ಒಂದೇ ಬಣ್ಣ, ಎರಡೂ ಬದಿ ಸಮ, ತಿಂಗಳುಗಟ್ಟಲೆ ಬದಲಾವಣೆಯಿಲ್ಲ. ಈ ನಾಲ್ಕೂ ಕೂಡಿಬಂದರೆ ಅದು ಬಹುತೇಕ ದೇಹರಚನೆಯ ಭಾಗ.

ಶಿಶ್ನದ ತಲೆಯ ಅಂಚಿನ ಸುತ್ತ, ಅಂಚನ್ನು ಬಿಟ್ಟು ಕದಲದೆ, ಒಂದು ಅಥವಾ ಹೆಚ್ಚು ಸಾಲಿನಲ್ಲಿ 1–2 ಮಿ.ಮೀ.ನ ನುಣುಪಾದ ಬಿಳಿಚು ಉಬ್ಬುಗಳಿದ್ದರೆ ಅವು ಪರ್ಲಿ ಪೆನೈಲ್ ಪ್ಯಾಪ್ಯೂಲ್. ಹರೆಯದಲ್ಲಿ ಮೂಡಿ, ವಯಸ್ಸಾದಂತೆ ಮಸುಕಾಗುತ್ತವೆ. ಅಂಟುವುದಿಲ್ಲ, ಚಿಕಿತ್ಸೆ ಬೇಕಿಲ್ಲ. ತಲೆಯ ಕೆಳಗೆ ಮುಂದೊಗಲು ಕಟ್ಟಿಕೊಂಡಿರುವ ನಾರಿನ ಎಡಕ್ಕೊಂದು ಬಲಕ್ಕೊಂದು ಪುಟ್ಟ ಉಬ್ಬಿದ್ದರೆ ಅವು ಗ್ರಂಥಿಗಳು. ಹೆಂಗಸರಲ್ಲಿ ಒಳತುಟಿಯ ಒಳಮೈಗೆ, ಯೋನಿದ್ವಾರದ ಸುತ್ತ ಮೆತ್ತನೆಯ ಎಳೆಎಳೆಯ ಉಬ್ಬುಗಳು ಇದೇ ಬಗೆಯವು. ಇವನ್ನು ನರಹುಲಿ ಎಂದು ಸುಟ್ಟುಹಾಕಿದ ಪ್ರಕರಣಗಳು ಕಡಿಮೆಯಿಲ್ಲ. ಬೇರ್ಪಡಿಸುವ ಗುರುತು ಬುಡದಲ್ಲಿದೆ. ಸಹಜ ಉಬ್ಬಿನಲ್ಲಿ ಪ್ರತಿ ಎಳೆಗೂ ತನ್ನದೇ ಬುಡ. ನರಹುಲಿಯಲ್ಲಿ ಹಲವು ಎಳೆಗಳು ಒಂದೇ ಬುಡದಿಂದ ಕವಲೊಡೆಯುತ್ತವೆ.

ಚರ್ಮ ಎಳೆದಾಗ ಮಾತ್ರ ಎದ್ದು ಕಾಣುವ, ಹಳದಿಬಿಳಿ ಬಣ್ಣದ 1–3 ಮಿ.ಮೀ. ಚುಕ್ಕೆಗಳು ಫೋರ್ಡೈಸ್ ಚುಕ್ಕೆ, ಅಂದರೆ ಕೂದಲಿಲ್ಲದೆ ಬೆಳೆದ ಎಣ್ಣೆಗ್ರಂಥಿಗಳು. ಮೇಲ್ತುಟಿಯ ಅಂಚಿನಲ್ಲೋ ಕೆನ್ನೆಯ ಒಳಗೋ ಇಂಥವೇ ಇದ್ದರೆ ಅನುಮಾನ ಮುಗಿಯಿತು. ಹಿಂಡಿದರೆ ಸ್ವಲ್ಪ ಜಿಡ್ಡು ಬರಬಹುದು, ಅದರಿಂದ ಗಾಯವಾಗುವುದು ಬಿಟ್ಟರೆ ಏನೂ ಆಗದು.

ವೃಷಣಚೀಲದ ಮೇಲೆ ಕಡುಕೆಂಪು, ನೇರಳೆ ಅಥವಾ ಕಪ್ಪುಚುಕ್ಕೆಗಳು ಉಬ್ಬಿಕೊಂಡಿದ್ದರೆ ಅವು ಹಿಗ್ಗಿದ ರಕ್ತನಾಳಗಳು, ಹೆಸರು ಆಂಜಿಯೊಕೆರಟೋಮ. ಕೆರೆದರೆ ಗಾತ್ರಕ್ಕೆ ಮೀರಿ ರಕ್ತ ಬಂದು ಬೆಚ್ಚಿಬೀಳಿಸುತ್ತದೆ. ಹತ್ತಿ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿದರೆ ನಿಲ್ಲುತ್ತದೆ. ಅಲ್ಲೇ ಚರ್ಮದೊಳಗೆ ಗಟ್ಟಿಯಾದ ಬಿಳಿ ಗುಂಡುಗಳು ವರ್ಷಗಳಿಂದ ನೋವಿಲ್ಲದೆ ಕೂತಿದ್ದರೆ ಕೊಬ್ಬಿನಂಥ ವಸ್ತು ತುಂಬಿದ ಸಿಸ್ಟ್ ಅಥವಾ ಸುಣ್ಣ ಕಟ್ಟಿದ ಗಂಟು. ಆದರೆ ಗಂಟು ಚರ್ಮದಲ್ಲಿಲ್ಲ, ಒಳಗೆ ವೃಷಣದಲ್ಲೇ ಇದೆ ಎನಿಸಿದರೆ ಈ ಲೇಖನ ಬದಿಗಿಡಿ, ಸ್ಕ್ಯಾನ್ ಮಾಡಿಸಿ.

ಹೊಸದಾಗಿ ಬಂದು ಹೆಚ್ಚುತ್ತಿರುವವು

ಇಲ್ಲಿ ಮೂರು ಹೆಸರು ಪದೇಪದೇ ಅದಲುಬದಲಾಗುತ್ತವೆ: ನರಹುಲಿ, ಮೊಲಸ್ಕಮ್, ಸಿಫಿಲಿಸಿನ ಎರಡನೇ ಹಂತದ ಚಪ್ಪಟೆ ಗುಳ್ಳೆ. ಮೂರೂ ಸಾಮಾನ್ಯವಾಗಿ ನೋಯುವುದಿಲ್ಲ.

ಗುಪ್ತಾಂಗದ ನರಹುಲಿಗೆ ಬಹುಪಾಲು ಕಾರಣ ಎಚ್‌ಪಿವಿ ವೈರಸ್‌ನ 6 ಮತ್ತು 11ನೇ ಬಗೆ. ಸಂಪರ್ಕದ ಎರಡು ಮೂರು ತಿಂಗಳ ನಂತರ ಕಾಣಿಸಿಕೊಳ್ಳುವುದು ವಾಡಿಕೆ, ಕೆಲವರಲ್ಲಿ ಇನ್ನೂ ತಡ. ಹಾಗಾಗಿ ‘ಹೋದ ವಾರದ್ದು’ ಎಂದು ಲೆಕ್ಕ ಹಾಕಿ ಸಂಗಾತಿಯನ್ನು ದೂರುವುದರಲ್ಲಿ ಅರ್ಥವಿಲ್ಲ. ಉಜ್ಜಾಟ ಹೆಚ್ಚಿರುವಲ್ಲಿ ಮೊದಲು ಏಳುತ್ತವೆ: ಮುಂದೊಗಲಿನ ಒಳಮೈ, ಯೋನಿದ್ವಾರದ ಹಿಂಬದಿ, ಗುದದ ಸುತ್ತ. ಒದ್ದೆ ಜಾಗದಲ್ಲಿ ಮೆತ್ತಗೆ, ಹೂಕೋಸಿನ ಮೇಲ್ಮೈಯಂತೆ. ಕೂದಲಿರುವ ಒಣಚರ್ಮದಲ್ಲಿ ದೊರಗಾಗಿ. ಗಾತ್ರ ಒಂದೇ ಸಮ ಇರುವುದಿಲ್ಲ. ಒಂದು 1 ಮಿ.ಮೀ. ಇದ್ದರೆ ಪಕ್ಕದ್ದು 6. ಶೇವ್ ಮಾಡಿದವರಲ್ಲಿ ರೇಜರ್ ಎಳೆದ ಗೆರೆಗುಂಟ ಸಾಲಾಗಿ ಹಬ್ಬುವುದುಂಟು. ಸಾಲು ಕಂಡ ಮಾತ್ರಕ್ಕೆ ಸಹಜ ಎನ್ನುವಂತಿಲ್ಲ, ಸಾಲು ಯಾವಾಗ ಮೂಡಿತು ಎನ್ನುವುದು ಮುಖ್ಯ.

ಮೊಲಸ್ಕಮ್ ಗುಳ್ಳೆ 2–5 ಮಿ.ಮೀ., ಗುಂಡಗೆ, ಹೊಳಪಾಗಿ, ನೆತ್ತಿಯಲ್ಲಿ ಪುಟ್ಟ ಕುಳಿ. ಪಕ್ಕದಿಂದ ಬೆಳಕು ಬಿಟ್ಟಾಗ ಈ ಕುಳಿ ನೆರಳಾಗಿ ಕಾಣುತ್ತದೆ. ಒಳಗಿನ ಬಿಳಿ ಗಟ್ಟಿ ತಿರುಳಿನಲ್ಲಿ ವೈರಸ್ ತುಂಬಿರುತ್ತದೆ, ಹಿಂಡಿದರೆ ಸುತ್ತ ಹತ್ತು ಹೊಸವು. ತೊಡೆಯ ಒಳಬದಿ, ಕಿಬ್ಬೊಟ್ಟೆ, ಕೂದಲಿರುವ ದಿಬ್ಬ ಇದರ ಮೆಚ್ಚಿನ ಜಾಗ. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಟವೆಲ್ ಹಂಚಿಕೊಂಡರೂ ಹಬ್ಬಬಹುದಾದ್ದರಿಂದ ಇದೊಂದನ್ನೇ ಹಿಡಿದು ಯಾರ ನಡತೆಯ ಬಗ್ಗೆಯೂ ತೀರ್ಮಾನಕ್ಕೆ ಬರುವಂತಿಲ್ಲ, ಮಕ್ಕಳಿಗೂ ಬರುತ್ತದೆ. ಹಾಗಿದ್ದರೂ ಮಗುವಿನ ಗುಪ್ತಾಂಗದಲ್ಲಿ ಯಾವುದೇ ಗುಳ್ಳೆ ಕಂಡರೆ ಮಕ್ಕಳ ವೈದ್ಯರು ನೋಡಲೇಬೇಕು. ದೊಡ್ಡವರ ಮುಖದ ಮೇಲೂ ಹತ್ತಾರು ಎದ್ದಿದ್ದರೆ, ಗಾತ್ರ 1 ಸೆಂ.ಮೀ. ದಾಟಿದ್ದರೆ ಎಚ್‌ಐವಿ ಪರೀಕ್ಷೆ ತಪ್ಪಿಸಬಾರದು.

ಮೂರನೆಯದೇ ಮೋಸಗಾರ. ಗುದದ ಸುತ್ತ, ಹೊರತುಟಿಗಳ ಮೇಲೆ ಚಪ್ಪಟೆಯಾದ, ಅಗಲ ಬುಡದ, ಬೂದುಬಿಳಿ ಬಣ್ಣದ ಒದ್ದೆ ಉಬ್ಬುಗಳು. ನರಹುಲಿ ಎಂದು ತಿಳಿದು ಸುಟ್ಟರೆ ಮೇಲಿನದು ಹೋಗುತ್ತದೆ, ಸಿಫಿಲಿಸ್ ಉಳಿಯುತ್ತದೆ. ಜೊತೆಗೆ ಅಂಗೈ ಅಂಗಾಲುಗಳಲ್ಲಿ ತುರಿಸದ ತಾಮ್ರವರ್ಣದ ಕಲೆ, ಬಾಯಲ್ಲಿ ಬಿಳಿ ತೇಪೆ, ಅಲ್ಲಲ್ಲಿ ಕೂದಲುದುರುವಿಕೆ ಇವೆಯೇ ನೋಡಿ. ಆದ್ದರಿಂದ ಯಾವುದೇ ನರಹುಲಿಗೆ ಮದ್ದು ಹಚ್ಚುವ ಮುನ್ನ ಸಿಫಿಲಿಸ್ ಪತ್ತೆಯ ಒಂದು ವಿಡಿಆರ್‌ಎಲ್ ರಕ್ತಪರೀಕ್ಷೆ ಆಗಿರಲೇಬೇಕು.

ನರಹುಲಿ ಎಂದು ಖಚಿತವಾದ ಮೇಲೆ ಮನೆಯಲ್ಲಿ ಹಚ್ಚುವ ಮದ್ದು ಎರಡು. ಪೊಡೊಫಿಲೊಟಾಕ್ಸಿನ್ 0.5% ದ್ರಾವಣ ದಿನಕ್ಕೆ ಎರಡು ಬಾರಿ ಮೂರು ದಿನ, ನಾಲ್ಕು ದಿನ ಬಿಡುವು, ಹೀಗೆ ಹೆಚ್ಚೆಂದರೆ ನಾಲ್ಕು ಸುತ್ತು, ದಿನಕ್ಕೆ 0.5 ಮಿ.ಲೀ. ಮೀರಬಾರದು, ಬಸುರಿಯರಿಗೆ ನಿಷಿದ್ಧ. ಇಮಿಕ್ವಿಮಾಡ್ 5% ಕ್ರೀಮ್ ವಾರಕ್ಕೆ ಮೂರು ರಾತ್ರಿ, 6ರಿಂದ 10 ಗಂಟೆ ಬಿಟ್ಟು ತೊಳೆಯುವುದು, ಗರಿಷ್ಠ 16 ವಾರ. ಎರಡಕ್ಕೂ ವೈದ್ಯರ ಚೀಟಿ ಬೇಕು. ಕಾಲಿನ ಆಣಿಗೆ ಹಚ್ಚುವ ಸ್ಯಾಲಿಸಿಲಿಕ್ ಪಟ್ಟಿ, ಸುಣ್ಣ ಮತ್ತು ಸೋಡಾದ ಲೇಪ, ಬೆಳ್ಳುಳ್ಳಿ ರಸ ಇಲ್ಲಿ ಸುಟ್ಟಗಾಯ ಮಾಡುತ್ತವೆ, ನರಹುಲಿ ಅಲ್ಲೇ ಇರುತ್ತದೆ. ಗುಣವಾದ ಮೂರು ತಿಂಗಳೊಳಗೆ ಮರುಕಳಿಸುವುದು ಸಾಮಾನ್ಯ. ಚಿಕಿತ್ಸೆ ಸೋತಿತು ಎಂದಲ್ಲ. 6 ಮತ್ತು 11ನೇ ಬಗೆಗಳಿಂದ ಗರ್ಭಕೊರಳಿನ ಕ್ಯಾನ್ಸರ್ ಬರುವುದಿಲ್ಲ, ಆದರೆ ಬೇರೆ ಬಗೆಗಳೂ ಜೊತೆಗಿರಬಹುದು. ಆದಕಾರಣ 30 ದಾಟಿದ ಹೆಂಗಸರು ಗರ್ಭಕೊರಳಿನ ತಪಾಸಣೆ ಮಾಡಿಸಿಕೊಳ್ಳಬೇಕು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಲಸಿಕೆ 6, 11, 16, 18ನೇ ಬಗೆಗಳನ್ನು ತಡೆಯುತ್ತದೆ. ಈಗಾಗಲೇ ಎದ್ದ ನರಹುಲಿಯನ್ನು ಅದು ಕರಗಿಸುವುದಿಲ್ಲ.

ನೋವು, ಉರಿ, ಕೀವು

ಮೊದಲ ಪ್ರಶ್ನೆ: ಆ ಜಾಗದಲ್ಲಿ ಕೂದಲು ಬೆಳೆಯುತ್ತದೆಯೇ? ಶಿಶ್ನದ ತಲೆಯ ಮೇಲೆ, ಒಳತುಟಿಯ ಒಳಗೆ ಕೂದಲಬುಡವೇ ಇಲ್ಲ. ಅಲ್ಲಿನ ಗುಳ್ಳೆಯನ್ನು ‘ಶೇವಿಂಗ್ ಮೊಡವೆ’ ಎಂದು ತಳ್ಳಿಹಾಕುವಂತಿಲ್ಲ. ಕೂದಲಿರುವ ಕಡೆ, ಶೇವ್ ಮಾಡಿದ ಎರಡು ಮೂರು ದಿನಕ್ಕೆ, ಒಂದೊಂದು ಗುಳ್ಳೆಯ ನಡುವೆಯೂ ಕೂದಲು ಅಥವಾ ಮಡಚಿ ಒಳಹೊಕ್ಕ ಕೂದಲಿನ ಕಪ್ಪು ಗೆರೆ ಕಂಡರೆ ಅದು ಕೂದಲಬುಡದ ಉರಿಯೂತ. ಹದವಾದ ಬಿಸಿನೀರಿನ ಬಟ್ಟೆಯನ್ನು ದಿನಕ್ಕೆ ಮೂರು ನಾಲ್ಕು ಬಾರಿ ಹತ್ತು ಹದಿನೈದು ನಿಮಿಷ ಇಡಿ, ಬಿಗಿ ಜೀನ್ಸ್ ಮತ್ತು ನೈಲಾನ್ ಒಳಉಡುಪು ಬಿಡಿ, ರೇಜರ್ ಬದಲು ಟ್ರಿಮ್ಮರ್ ಬಳಸಿ. ವಾರದಲ್ಲಿ ಇಳಿಯದಿದ್ದರೆ ಅಥವಾ ಕುರುಗಳು ಮರಳಿ ಮರಳಿ ಬರುತ್ತಿದ್ದರೆ ರಕ್ತದ ಸಕ್ಕರೆ ನೋಡಿಸಿ. ತೊಡೆಸಂದಿ ಮತ್ತು ಕಂಕುಳು ಎರಡರಲ್ಲೂ ಗಂಟು, ಕೀವು, ಚರ್ಮದಡಿ ಸುರಂಗ, ಜೋಡಿ ಕಪ್ಪುಚುಕ್ಕೆ ಇದ್ದರೆ ಅದು ಹೈಡ್ರಾಡೆನೈಟಿಸ್. ಕುರು ಕೊಯ್ಯಿಸುತ್ತಾ ಹೋದರೆ ಮುಗಿಯುವ ಬಾಬತ್ತಲ್ಲ, ಚರ್ಮವೈದ್ಯರ ದೀರ್ಘ ಚಿಕಿತ್ಸೆ ಬೇಕು.

ಹರ್ಪಿಸ್‌ನ ಗುರುತು ಅದರ ಕ್ರಮದಲ್ಲಿದೆ. ಮೊದಲು ಒಂದೆರಡು ದಿನ ಜುಮುಜುಮು, ಉರಿ. ಆಮೇಲೆ ಕೆಂಪು ತಳದ ಮೇಲೆ ಗುಂಪಾಗಿ ಪುಟ್ಟ ನೀರುಗುಳ್ಳೆಗಳು, ಒಡೆದು ತೆಳುವಾದ ನೋವಿನ ಹುಣ್ಣು, ಕೊನೆಗೆ ಹಕ್ಕಳೆ. ಸೋಂಕು ತಗುಲಿದ 2ರಿಂದ 12 ದಿನದಲ್ಲಿ ಮೊದಲ ದಾಳಿ. ಜ್ವರ, ತೊಡೆಸಂದಿಯ ಗಂಟು, ಮೂತ್ರಕ್ಕೆ ಹೋದಾಗ ಕಣ್ಣೀರು ಬರುವ ಉರಿ. ಮೊದಲ ದಾಳಿ ಎರಡು ಮೂರು ವಾರ ಎಳೆಯುತ್ತದೆ, ಮುಂದಿನವು ಚಿಕ್ಕವು. ಮಾತ್ರೆ ಬೇಗ ಶುರುವಾದಷ್ಟೂ ಲಾಭ: ಅಸೈಕ್ಲೊವಿರ್ 400 ಮಿ.ಗ್ರಾಂ ದಿನಕ್ಕೆ ಮೂರು, 7ರಿಂದ 10 ದಿನ. ಮುಲಾಮಿನಿಂದ ಹೆಚ್ಚು ಪ್ರಯೋಜನವಿಲ್ಲ. ವೈರಸ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಹೊಸ ಗುಳ್ಳೆಯ ಬುಡದಿಂದಲೇ ಮಾದರಿ ತೆಗೆಯಬೇಕು. ಹಕ್ಕಳೆ ಕಟ್ಟಿದ ಮೇಲೆ ತೆಗೆದರೆ ಕಾಯಿಲೆಯಿದ್ದೂ ನೆಗೆಟಿವ್ ಬರಬಹುದು. ಲ್ಯಾಬ್‌ಗಳು ಮಾರುವ ಹರ್ಪಿಸ್ ಐಜಿಎಂ ರಕ್ತಪರೀಕ್ಷೆಗೆ ದುಡ್ಡು ಹಾಕಬೇಡಿ, ಅದು ಹೊಸ ಸೋಂಕನ್ನೂ ಹಳೆಯದನ್ನೂ ಬೇರ್ಪಡಿಸಲಾರದು.

ಹರ್ಪಿಸ್ ಎಂದು ಭ್ರಮಿಸುವಂಥವು ಎರಡಿವೆ. ಸರ್ಪಸುತ್ತು ಗುಪ್ತಾಂಗಕ್ಕೂ ಬರಬಹುದು, ಆದರೆ ನಡುಗೆರೆ ದಾಟದೆ ಒಂದೇ ಬದಿಯ ತೊಡೆ, ಪೃಷ್ಠ, ಗುಪ್ತಾಂಗಕ್ಕೆ ಪಟ್ಟಿಯಾಗಿ ಹಬ್ಬುತ್ತದೆ. ಇನ್ನೊಂದು ಮಾತ್ರೆಯ ಅಲರ್ಜಿ, ನಮ್ಮಲ್ಲಿ ತೀರಾ ಸಾಮಾನ್ಯ. ಭೇದಿಗೆ ನುಂಗಿದ ನಾರ್‌ಫ್ಲಾಕ್ಸಸಿನ್–ಟಿನಿಡಜಾಲ್, ಮೈಕೈ ನೋವಿನ ಗುಳಿಗೆ, ಕೋಟ್ರೈಮೊಕ್ಸಜಾಲ್, ಹುಳುಕಡ್ಡಿಗೆ ಕೊಟ್ಟ ಫ್ಲುಕೊನಜಾಲ್ ಹೀಗೆ ಯಾವುದೋ ಒಂದು ಹೊಟ್ಟೆಗೆ ಹೋದ ಕೆಲವೇ ಗಂಟೆಗಳಲ್ಲಿ ಶಿಶ್ನದ ತಲೆಯ ಮೇಲೋ ತುಟಿಯ ಮೇಲೋ ದುಂಡನೆಯ ಕೆಂಪು ತೇಪೆ ಎದ್ದು, ಗುಳ್ಳೆಯಾಗಿ, ಸುಲಿದು, ಕಪ್ಪುಬೂದಿ ಕಲೆ ಉಳಿಸುತ್ತದೆ. ಮತ್ತೆ ಅದೇ ಮಾತ್ರೆ ನುಂಗಿದರೆ ಮತ್ತೆ ಅದೇ ಜಾಗ. ಪ್ರತಿ ದಾಳಿಗೂ ಮುಂಚಿನ 48 ಗಂಟೆಗಳಲ್ಲಿ ನುಂಗಿದ್ದೆಲ್ಲ ಬರೆದಿಟ್ಟರೆ ಎರಡನೇ ಸಲಕ್ಕೆ ಕಳ್ಳ ಸಿಕ್ಕಿಬೀಳುತ್ತಾನೆ.

ಹೆಂಗಸರಲ್ಲಿ ಯೋನಿದ್ವಾರದ ಕೆಳಬದಿಗೆ, ಎಡಕ್ಕೆ ಅಥವಾ ಬಲಕ್ಕೆ ಒಂದೇ ಕಡೆ ಊತವಿದ್ದರೆ ಬಾರ್ತೊಲಿನ್ ಗ್ರಂಥಿ ಕಟ್ಟಿದೆ. ನೋವಿಲ್ಲದ ಚಿಕ್ಕದನ್ನು ಬಿಟ್ಟುಬಿಡಬಹುದು. ಕೆಂಪಾಗಿ ನಡೆಯಲಾಗದಷ್ಟು ನೋಯುವುದನ್ನು ಕೊಯ್ದು ಕೀವು ತೆಗೆಯಬೇಕು. 40 ದಾಟಿದವರಲ್ಲಿ ಹೊಸದಾಗಿ ಕಂಡದ್ದಕ್ಕೆ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಬೇಕಾಗಬಹುದು.

ತುರಿಕೆಯೇ ಮುಖ್ಯವಾಗಿದ್ದರೆ

ವೃಷಣಚೀಲ, ಶಿಶ್ನದ ಮೇಲೆ ಕೆಂಪುಕಂದು ಬಣ್ಣದ ಗಟ್ಟಿ ಗಂಟು, ರಾತ್ರಿ ಹಾಸಿಗೆ ಬಿಸಿಯಾದಂತೆ ಜೋರಾಗುವ ತುರಿಕೆ, ಮನೆಯಲ್ಲಿ ಇನ್ನೊಬ್ಬರೂ ಕೆರೆಯುತ್ತಿದ್ದಾರೆ: ಇದು ಕಜ್ಜಿ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ನೋಡಿದರೆ ಸಾಕ್ಷಿ ಸಿಗುತ್ತದೆ. ಪರ್ಮೆಥ್ರಿನ್ 5% ಕ್ರೀಮನ್ನು ಗಂಟಿಗಷ್ಟೇ ಹಚ್ಚುವುದು ವ್ಯರ್ಥ. ಕುತ್ತಿಗೆಯಿಂದ ಕಾಲ್ಬೆರಳ ತನಕ, ಉಗುರಡಿ ಸೇರಿ, ದೊಡ್ಡವರಿಗೆ ಸುಮಾರು 30 ಗ್ರಾಂ, ರಾತ್ರಿ ಹಚ್ಚಿ 8ರಿಂದ 12 ಗಂಟೆಯ ನಂತರ ಸ್ನಾನ, ವಾರಕ್ಕೆ ಮತ್ತೊಮ್ಮೆ. ಮನೆಯವರೆಲ್ಲ ಅದೇ ರಾತ್ರಿ ಹಚ್ಚಿಕೊಳ್ಳದಿದ್ದರೆ ಕಜ್ಜಿ ಒಬ್ಬರಿಂದ ಒಬ್ಬರಿಗೆ ತಿರುಗುತ್ತಲೇ ಇರುತ್ತದೆ. ಹುಳ ಸತ್ತ ಮೇಲೂ ತುರಿಕೆ ಎರಡರಿಂದ ನಾಲ್ಕು ವಾರ, ಗಂಟು ತಿಂಗಳುಗಟ್ಟಲೆ ಉಳಿಯಬಹುದು. ಮದ್ದು ಹತ್ತಲಿಲ್ಲವೆಂದು ದಿನಾ ಹಚ್ಚಿದರೆ ಮದ್ದಿನಿಂದಲೇ ತುರಿಕೆ ಶುರು. ತುರಿಸುವ ನೇರಳೆ ಬಣ್ಣದ ಚಪ್ಪಟೆ ಉಬ್ಬುಗಳು ಮಣಿಕಟ್ಟಿನಲ್ಲೂ ಇದ್ದು, ಕೆನ್ನೆಯೊಳಗೆ ಬಿಳಿ ಜಾಲವಿದ್ದರೆ ಅದು ಲೈಕನ್ ಪ್ಲೇನಸ್, ಅಂಟುಜಾಡ್ಯವಲ್ಲ.

ನೋಯದ ಹುಣ್ಣು

ಸಿಫಿಲಿಸ್ ಸಂಪರ್ಕದ 9ರಿಂದ 90 ದಿನದೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ ಗುಳ್ಳೆಯಾಗಿ ಶುರುವಾಗುತ್ತದೆ. ಕೆಲದಿನದಲ್ಲಿ ಹುಣ್ಣು: ಬಹುತೇಕ ಒಂದೇ, ದುಂಡಗೆ, ತಳ ಶುದ್ಧ, ಅಂಚು ಹಿಡಿದರೆ ಗಟ್ಟಿ, ನೋವಿಲ್ಲ. ತೊಡೆಸಂದಿಯ ಗಂಟೂ ನೋಯದು. 3ರಿಂದ 6 ವಾರಕ್ಕೆ ಮದ್ದಿಲ್ಲದೆ ಮಾಯುವುದರಿಂದ ಅಷ್ಟರಲ್ಲಿ ಹಚ್ಚಿದ ಅರಿಶಿನಕ್ಕೋ ಮುಲಾಮಿಗೋ ಕೀರ್ತಿ ಹೋಗುತ್ತದೆ.

ವಿಡಿಆರ್‌ಎಲ್ ಪರೀಕ್ಷೆ ಹುಣ್ಣೆದ್ದ ಮೊದಲ ವಾರ ನೆಗೆಟಿವ್ ಇರಬಹುದು. ಅನುಮಾನವಿದ್ದರೆ ಎರಡರಿಂದ ನಾಲ್ಕು ವಾರಕ್ಕೆ ಮರುಪರೀಕ್ಷೆ, ಜೊತೆಗೆ ಸಿಫಿಲಿಸನ್ನು ಖಚಿತಪಡಿಸುವ ಇನ್ನೊಂದು ರಕ್ತಪರೀಕ್ಷೆ ಟಿಪಿಎಚ್‌ಎ. ಚಿಕಿತ್ಸೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್, ಒಂದೊಂದು ಪೃಷ್ಠಕ್ಕೆ 12 ಲಕ್ಷದಂತೆ, ಅಲರ್ಜಿಯ ಹಿನ್ನೆಲೆ ಕೇಳಿ ತುರ್ತು ಸೌಲಭ್ಯವಿರುವಲ್ಲಿ. ಅದೇ ದಿನ ಚಳಿಜ್ವರ, ತಲೆನೋವು ಬಂದರೆ ಗಾಬರಿ ಬೇಡ. ಸಾಯುತ್ತಿರುವ ಬ್ಯಾಕ್ಟೀರಿಯಾಗಳಿಗೆ ದೇಹದ ಪ್ರತಿಕ್ರಿಯೆ ಅದು, 24 ಗಂಟೆಯಲ್ಲಿ ಇಳಿಯುತ್ತದೆ. ಮೈಮೇಲೆ ದದ್ದು, ಉಸಿರುಕಟ್ಟು ಬಂದರೆ ಮಾತ್ರ ಅಲರ್ಜಿ. ಗುಣವಾದದ್ದನ್ನು ಅಳೆಯುವುದು ವಿಡಿಆರ್‌ಎಲ್ ಅಂಕಿಯಿಂದ: 1:32 ಇದ್ದದ್ದು 6ರಿಂದ 12 ತಿಂಗಳಲ್ಲಿ 1:8ಕ್ಕೋ, ಅಂದರೆ ಕಾಲುಭಾಗಕ್ಕೋ, ಇನ್ನೂ ಕೆಳಕ್ಕೋ ಇಳಿಯಬೇಕು. ಟಿಪಿಎಚ್‌ಎ ಬಹುಪಾಲು ಜನರಲ್ಲಿ ಜೀವನಪೂರ್ತಿ ಪಾಸಿಟಿವ್ ಉಳಿಯುತ್ತದೆ, ಅದನ್ನು ನೋಡಿ ಮತ್ತೆ ಮತ್ತೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದು ಬೇಡ. ಹಿಂದಿನ 90 ದಿನಗಳ ಸಂಗಾತಿಗಳಿಗೆ ಪರೀಕ್ಷೆ ನೆಗೆಟಿವ್ ಇದ್ದರೂ ಚಿಕಿತ್ಸೆ ಕೊಡುತ್ತಾರೆ.

ನೋಯುವ, ಅಂಚು ಹರಿದಂತಿರುವ, ಕೊಳಕು ತಳದ ಹುಣ್ಣು ಶಾಂಕ್ರಾಯ್ಡ್ ಎಂಬ ಲೈಂಗಿಕ ಸೋಂಕು, ಈಗ ಅಪರೂಪ. ಮುಟ್ಟಿದರೆ ರಕ್ತ ಒಸರುವ, ನೋಯದ, ಮಾಂಸಗೆಂಪು ಹುಣ್ಣು ನಿಧಾನವಾಗಿ ಹಬ್ಬುತ್ತಿದ್ದರೆ ಡೊನೊವನೋಸಿಸ್ ಎಂಬ ಇನ್ನೊಂದು ಲೈಂಗಿಕ ಸೋಂಕು ಇರಬಹುದು. ಇವೆರಡನ್ನೂ ಕಣ್ಣಳತೆಯಲ್ಲಿ ತೀರ್ಮಾನಿಸುವ ಧೈರ್ಯ ಬೇಡ. ಆರು ವಾರವಾದರೂ ಮಾಯದ, ಗಟ್ಟಿಯಾಗುತ್ತಿರುವ, ರಕ್ತ ಬರುವ ಯಾವುದಕ್ಕೂ ಬಯಾಪ್ಸಿಯೇ ದಾರಿ. ಚರ್ಮದ ಕ್ಯಾನ್ಸರ್ ಇಲ್ಲೂ ಬರುತ್ತದೆ.

ಎಲ್ಲಿ ತೋರಿಸುವುದು, ಏನು ಹೇಳುವುದು

ವಿನೆಗರ್ ಹಚ್ಚಿ ಬೆಳ್ಳಗಾದರೆ ನರಹುಲಿ ಎಂಬ ಮನೆಪರೀಕ್ಷೆ ನಂಬಿಕೆಗೆ ಯೋಗ್ಯವಲ್ಲ. ಕೆರೆದ ಚರ್ಮ, ಫಂಗಸ್ ಇದ್ದ ಜಾಗ, ಸಹಜ ಉಬ್ಬು ಕೂಡ ಬೆಳ್ಳಗಾಗುತ್ತವೆ. ಎಚ್‌ಪಿವಿ ನರಹುಲಿ ಪತ್ತೆಗೆ ರಕ್ತಪರೀಕ್ಷೆಯೇ ಇಲ್ಲ. ಚರ್ಮ ಮತ್ತು ಲೈಂಗಿಕ ರೋಗ ವಿಭಾಗದಲ್ಲಿ ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದರೆ ಅರ್ಧ ನಿಮಿಷದಲ್ಲಿ ಮುಗಿಯುವ ಗೊಂದಲಗಳಿವು. ಸರ್ಕಾರಿ ಮೆಡಿಕಲ್ ಕಾಲೇಜು ಮತ್ತು ಜಿಲ್ಲಾಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ತಪಾಸಣೆ, ಔಷಧ ಎರಡೂ ಉಚಿತ. ಅಲ್ಲಿ ರೋಗಲಕ್ಷಣಕ್ಕೆ ತಕ್ಕಂತೆ ಬಣ್ಣದ ಕಿಟ್ ಕೊಡುತ್ತಾರೆ: ಹರ್ಪಿಸ್ ಹುಣ್ಣಿಗೆ ಕೆಂಪು, ಉಳಿದ ಹುಣ್ಣಿಗೆ ಬಿಳಿ, ಪೆನಿಸಿಲಿನ್ ಒಗ್ಗದವರಿಗೆ ನೀಲಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 1097ಕ್ಕೆ ಉಚಿತವಾಗಿ ಕರೆಮಾಡಿ ಕೇಳಬಹುದು.

ಹೋಗುವ ದಿನ ಮುಲಾಮು ಹಚ್ಚದೆ ಹೋಗಿ. ಮೊದಲು ಕಂಡ ತಾರೀಖು, ಎರಡು ಫೋಟೋ, ಹಿಂದಿನ ಮೂರು ತಿಂಗಳ ಸಂಪರ್ಕ, ಹಚ್ಚಿದ ಮದ್ದಿನ ಟ್ಯೂಬು, ನುಂಗಿದ ಮಾತ್ರೆಯ ಖಾಲಿ ಸ್ಟ್ರಿಪ್ಪು, ಬಸುರಿನ ಸಾಧ್ಯತೆ ಇವಿಷ್ಟು ತಿಳಿಸಿದರೆ ಸಾಕು. ಸಿಫಿಲಿಸ್, ಹರ್ಪಿಸ್, ನರಹುಲಿ ಯಾವುದೇ ಇರಲಿ, ಜೊತೆಗೆ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿ. ಮೊದಲ ಪರೀಕ್ಷೆ ನೆಗೆಟಿವ್ ಬಂದರೆ ಸಂಪರ್ಕದ ಮೂರು ತಿಂಗಳಿಗೆ ಇನ್ನೊಂದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಈ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶವನ್ನು ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ. ಫಲಿತಾಂಶ ಕೈಗೆ ಬಂದು, ಹುಣ್ಣು ಪೂರ್ತಿ ಮಾಯುವ ತನಕ ಸಂಪರ್ಕ ಬೇಡ. ಕಾಂಡೋಮ್ ಮುಚ್ಚದ ಚರ್ಮದಿಂದಲೂ ಹರ್ಪಿಸ್, ನರಹುಲಿ, ಮೊಲಸ್ಕಮ್ ದಾಟುತ್ತವೆ.